ಬೆರಳಚ್ಚು

ಬೈತಕೋಲದ ಬಂದರು ಕಚೇರಿಗೆ ನಾನು ಸೇರಿದ್ದು
ಬೆರಳಚ್ಚುಗಾರ್ತಿಯಾಗಿ. ಭರತ ಇಳಿತದ ಲೆಕ್ಕ ಆಮೇಲೆ ಗಂಟುಬಿತ್ತು.
ದೇವಗಡ ದ್ವೀಪದಲ್ಲೊಂದು ಪೆಟ್ಟಿಗೆ, ಕಡಲಿನ ಏರು ಬರೆಯುವುದು;
ಸೋಮವಾರಕ್ಕೊಮ್ಮೆ ಕೈತಾನನ ದೋಣಿ,
ಉರುಳೆಯ ಕಾಗದ ಬಿಚ್ಚಿ, ಸೆರಗಿನೊಳಗೆ ನೆನೆಯದಂತಿಟ್ಟು ವಾಪಸು.
ಮಳೆಗಾಲದಲ್ಲಿ ಕಡಲು ಏನು ಬರೆಯಿತೋ
ಕಡಲಿಗೇ ಗೊತ್ತು.

ಆಮೇಲೆ ಒಂದು ಕಂಪ್ಯೂಟರು, ಒಂದು ರೇಡಿಯೋ ಕಂಬ.
ಕೂತಲ್ಲಿಂದಲೇ ದ್ವೀಪದ ಬಾಗಿಲು ತಟ್ಟಬಹುದು.
ಟೆಲ್ನೆಟ್ ಎಂದರೆ ಅದು ಕೇಳುವುದು: ಯಾರು?
ನಾನು ಎಂದರೆ: ಗುಟ್ಟಿನ ಮಾತೇನು?
ಎಂಟಕ್ಷರದ ಒಂದು ಹೆಸರು ಕೊಟ್ಟಿದ್ದೆ.
ಯಾರದೆಂದು ಆಗ ಹೇಳಿರಲಿಲ್ಲ, ಈಗಲೂ ಹೇಳುವುದಿಲ್ಲ.
ಪರದೆಯ ಮೇಲೆ ಅದು ಮೂಡುತ್ತಿರಲಿಲ್ಲ. ಹಾಗಾಗಿ
ಅಡಗಿದೆ ಎಂದುಕೊಂಡೆ.
ಬೆಳಿಗ್ಗೆ ಏಳಕ್ಕೆ, ಸಂಜೆ ಐದಕ್ಕೆ,
ಎಂಟು ಬೆರಳೇಟು.
ಬೇರೆಲ್ಲೂ ಆ ಹೆಸರು ಕರೆಯಲು ನನಗೆ ಎಡೆಯಿರಲಿಲ್ಲ.

ತೊಂಬತ್ತೇಳರ ಮಾರ್ಚಿನಲ್ಲಿ ಕಂಬದ ರಿಪೇರಿಗೆ ಬಂದ
ಮಾಜಾಳಿಯ ಹುಡುಗ, ಉಲ್ಲಾಸ ಬಾನಾವಳಿಕರ,
ತನ್ನ ಯಂತ್ರವನ್ನು ಲೈನಿಗೆ ಸಿಕ್ಕಿಸಿ ಕೂತವ
ತಲೆಯೆತ್ತಿ, ನಕ್ಕು, ಆ ಹೆಸರನ್ನು ಜೋರಾಗಿ ಓದಿದ.
“ಬಾಯೀ, ಇದು ಯಾರು?”
ಕಾಳಿ ಹೊಳೆಯ ಈ ದಡದಿಂದ ಆ ದಡಕ್ಕೆ
ಬಾಂಗಡೆಯ ದರ ಕೂಗಿ ಕೇಳಿದ ಹಾಗೆ
ಇಷ್ಟು ವರ್ಷ ನಾನು ಕೂಗುತ್ತಲೇ ಇದ್ದೆ.
ಫ್ಯಾನು ತಿರುಗುತ್ತಿತ್ತು. ಕಿವಿ ಸುಡುತ್ತಿತ್ತು.

ಅವನೇ ಒಂದು ಫ್ಲಾಪಿ ತಂದುಕೊಟ್ಟ, ತಪ್ಪುಕಾಣಿಕೆಯ ಹಾಗೆ.
ಎಲ್ಲೋ ಹಿಮ ಬೀಳುವ ಊರಿನ ಕಾಲೇಜಿನಲ್ಲಂತೆ,
ಕಳ್ಳನೊಬ್ಬ ದಾರಿಬದಿ ಕೂತು
ಹೋಗುವವರ ಗುಟ್ಟನ್ನೆಲ್ಲ ಮೊರದಲ್ಲಿ ಹಿಡಿದನಂತೆ;
ಅಲ್ಲಿಯವನೇ ಒಬ್ಬ ಕೆಲವೇ ತಿಂಗಳಲ್ಲಿ ಇದನ್ನು ಬರೆದನಂತೆ.
ಎಸ್ಸೆಸ್ಸೆಚ್. ಮಗು ಮಲಗಿದೆ ಎಂದು
ತುಟಿಗೆ ಬೆರಳಿಟ್ಟರೆ ಬರುವ ಸದ್ದು.

ಬಲೆ ಗೊತ್ತಿರುವವರಿಗೆ ಉಳಿದ ಕತೆ ಹೇಳಬೇಕಿಲ್ಲ:
ಮೊದಲ ಹೆಣಿಗೆಯಲ್ಲಿ ಕಣ್ಣು ಸಡಿಲ. ಎರಡನೆಯದನ್ನು ಬುಡದಿಂದ ಹೆಣೆದರು.
ಹೆಣೆದವನು ಅಂಗಡಿ ಹಾಕಿ ಬೆಲೆ ಕಟ್ಟಿದಾಗ
ಬೇರೆ ಕೆಲವರು, ಅವನೇ ಹಿಂದೆ ಹಂಚಿದ್ದ ಹಳೆಯ ತುಂಡು ಹುಡುಕಿ
ಹರಕು ಹೊಲಿದು ಲೋಕಕ್ಕೆಲ್ಲ ಬಿಟ್ಟಿ ಕೊಟ್ಟರು.
ನಮ್ಮಲ್ಲಿರುವುದು ಅದೇ.
ಬೀಗದ ಕೈಗಳು ಉದ್ದವಾದವು, ಮತ್ತೆ ಗಿಡ್ಡವಾದವು,
ಗಿಡ್ಡವಾದಂತೆ ಗಟ್ಟಿಯಾದವು. ಉಲ್ಲಾಸನ ತಲೆ ನರೆಯಿತು.

ಇನ್ನು ಗುಟ್ಟಿನ ಮಾತೇ ಬೇಡ ಎಂದ ಅವನು ಒಂದು ದಿನ.
ಜೋಡಿ ಕೈ: ಒಂದು ದ್ವೀಪಕ್ಕೆ, ಒಂದು ನಿಮ್ಮಲ್ಲೇ.
ಹೇಳದೆಯೇ, ಗೊತ್ತಿದೆ ಎಂದು ತೋರಿಸುವ ಗಣಿತ.
ನನಗೆ ಖುಷಿಯಾಗಬೇಕಿತ್ತು.
ಮರುದಿನ ಏಳಕ್ಕೆ ಬಾಗಿಲು ತಾನೇ ತೆರೆಯಿತು.
ಬೆರಳುಗಳು ಕೀಲಿಗಳ ಮೇಲೆ ಸುಮ್ಮನೆ ನಿಂತವು.

ಈ ಜೂನಿನ ಗಾಳಿಗೆ ಹಳೆಯ ಪೆಟ್ಟಿಗೆ ಸತ್ತು ಹೊಸದು ಬಂದಾಗ
ಪರದೆ ತುಂಬ ಬೊಬ್ಬೆ:
ಈ ಯಂತ್ರದ ಬೆರಳಚ್ಚು ಮೊದಲಿನದಲ್ಲ.
ನಡುವೆ ಯಾರೋ ನಿಂತಿರಬಹುದು.
“ಹಳೇ ಸಾಲು ಅಳಿಸಿ ಹೂಂ ಅನ್ನಿ, ಎಲ್ಲರೂ ಮಾಡುವುದು ಅಷ್ಟೇ,”
ಫೋನಿನಲ್ಲಿ ಉಲ್ಲಾಸ.
ಹೂಂ ಎನ್ನಲಿಲ್ಲ ನಾನು.
ಒಮ್ಮೆ ಮೋಸಹೋದ ಕಿವಿ ಇನ್ನೂ ಇಲ್ಲೇ ಇದೆ.

ಆಗಸ್ಟಿನಲ್ಲಿ ಬಿಸಿಲು ಬಿದ್ದ ದಿನ ಕೈತಾನನ ಮಗಳ ದೋಣಿ ಹತ್ತಿದೆ.
ಮೆಟ್ಟಿಲಿಗೆ ಪಾಚಿ, ಮಂಡಿಗೆ ಐವತ್ತೊಂಬತ್ತು.
ಪೆಟ್ಟಿಗೆಯ ಪುಟ್ಟ ಪರದೆ ನಾನು ಓದುವುದು,
ಚೀಟಿಯ ಮೇಲೆ ಇಸಬೆಲ್ಲ ಬೆರಳಿಡುವುದು.
ನಲವತ್ತಮೂರು ಅಕ್ಷರ. ಒಂದೂ ತಪ್ಪಲಿಲ್ಲ.
ನಡುವೆ ನಿಂತಿದ್ದುದು ಕಡಲು ಮಾತ್ರ.

ಸಂಜೆ ಹೊಸ ಕೈ ಮಾಡಿಸುವಾಗ ಯಂತ್ರ ಕೇಳಿತು:
ಇದಕ್ಕೊಂದು ಕಾವಲು ಮಾತು ಬೇಕೆ? ಖಾಲಿಯೂ ಬಿಡಬಹುದು.
ಆ ಮಾತು ಎಲ್ಲಿಗೂ ಹೋಗುವುದಿಲ್ಲ, ದ್ವೀಪಕ್ಕೂ ಕೇಳಿಸುವುದಿಲ್ಲ,
ಈ ಮೇಜಿನ ಮೇಲೇ ಹುಟ್ಟಿ ಇಲ್ಲೇ ಮುಗಿಯುವುದು.
ಹಳೆಯದನ್ನು ಮತ್ತೆ ಬಳಸಬಾರದು ಎನ್ನುತ್ತಾರೆ ಬಲ್ಲವರು.
ಎಂಟು ಬೆರಳೇಟು.

ಐದು ಗಂಟೆ. ಭರತ ಒಂದು ಮೀಟರು ಎಪ್ಪತ್ತೆರಡು, ಏರುತ್ತಿದೆ.